ಪ್ರಾರ್ಥನೆನೂ ಮಾಡ್ತೀನಿ, ಎದೆನೂ ಡವಡವ ಅನ್ನುತ್ತೆ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯಾ?

ರಾತ್ರಿಪಾಳಿ

ಎಲ್ಲರಿಗೂ ವಂದನೆ. ಉಡುಪಿ ಕಡೆಯವಳು, ಈಗ ಬೆಂಗಳೂರಲ್ಲಿ ಕೆಲಸ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲೇ ಹುಟ್ಟಿ ಬೆಳೆದೆ. ಸಂಡೇ ಸ್ಕೂಲಲ್ಲಿ ವಚನ ಬಾಯಿಪಾಠ ಒಪ್ಪಿಸಿ ಬಹುಮಾನ ತಗೊಂಡವಳು.

ಕೆಲವು ತಿಂಗಳಿಂದ ನಡುರಾತ್ರಿ ತಟ್ಟನೆ ಎಚ್ಚರ ಆಗುತ್ತಿದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಉಸಿರು ಸಾಲುವುದಿಲ್ಲ. ಮೊದಲ ಸಲ ಹಾರ್ಟ್ ಅಟ್ಯಾಕ್ ಅಂದುಕೊಂಡು ಆಸ್ಪತ್ರೆಗೆ ಓಡಿದೆವು. ಇಸಿಜಿ ಸರಿಯಾಗಿತ್ತು. ಇದು ಪ್ಯಾನಿಕ್ ಅಟ್ಯಾಕ್ ಅಂತ ಹೇಳಿ ಮನೋವೈದ್ಯರ ಹತ್ತಿರ ಕಳಿಸಿದರು. ಅವರು ಮಾತ್ರೆ ಬರೆದಿದ್ದಾರೆ. ಚಿಂತೆಗೆ ಕಾರಣಗಳೇನೂ ಕಡಿಮೆ ಇಲ್ಲ. ಅಪ್ಪನ ಡಯಾಲಿಸಿಸ್, ಮನೆ ಸಾಲ, ಗಂಡನ ಆಫೀಸಲ್ಲಿ ಒಬ್ಬೊಬ್ಬರನ್ನೇ ತೆಗೆಯುತ್ತಿರುವುದು.

ಮನೆ ಪ್ರಾರ್ಥನಾ ಕೂಟದಲ್ಲಿ ಇದನ್ನು ಹೇಳಿಕೊಂಡೆ. ಒಬ್ಬ ಆಂಟಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಗಿದ ಮೇಲೆ, "ದೇವರ ಮೇಲೆ ಭಾರ ಹಾಕಿದವರಿಗೆ ಮಾತ್ರೆ ಯಾಕಮ್ಮ?" ಅಂದರು. ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ, ಅದು ನನಗೆ ಗೊತ್ತು. ಆದರೆ ಅವತ್ತಿನಿಂದ ಮಾತ್ರೆ ಸ್ಟ್ರಿಪ್ ಕೈಗೆ ತಗೊಂಡರೆ ಸಾಕು, ಬೈಬಲಿನ ಫಿಲಿಪ್ಪಿ 4:6 ನೆನಪಾಗುತ್ತದೆ. ಯಾವುದಕ್ಕೂ ಚಿಂತೆ ಮಾಡಬೇಡಿ ಅಂತ ಪೌಲ ಬರೆದಿದ್ದಾನಲ್ಲ, ಅದು ಆಜ್ಞೆ ತಾನೇ? ಹಾಗಾದರೆ ನಾನು ದಿನಾ ರಾತ್ರಿ ಆಜ್ಞೆ ಮುರೀತಾ ಇದೀನಾ?

ದಯವಿಟ್ಟು ವಚನದ ಫೋಟೋ ಮಾತ್ರ ಹಾಕಿ ಹೋಗಬೇಡಿ. ಅಂಥವು ನನ್ನ ವಾಟ್ಸಾಪಲ್ಲಿ ರಾಶಿ ಬಿದ್ದಿವೆ.

ಕೋಲಾರದ ಬ್ರದರ್

ಸಹೋದರಿ, ಕರ್ತನಲ್ಲಿ ವಂದನೆಗಳು. ನಿಮಗೆ ಬೇಜಾರಾದರೂ ಸತ್ಯ ಹೇಳಬೇಕು. ಅದು ಆಜ್ಞೆಯೇ. ಯೇಸುಸ್ವಾಮಿ ಕೂಡ ಮತ್ತಾಯ 6ರಲ್ಲಿ ಮತ್ತೆ ಮತ್ತೆ ಅದನ್ನೇ ಹೇಳಿದ್ದಾರೆ. ಆಕಾಶದ ಹಕ್ಕಿಗಳನ್ನು ನೋಡಿರಿ ಅಂದರು, ಡಾಕ್ಟರನ್ನು ನೋಡಿರಿ ಅನ್ನಲಿಲ್ಲ. ನನಗೂ ಇದೇ ಕಾಯಿಲೆ ಇತ್ತು. ಉಪವಾಸ ಪ್ರಾರ್ಥನೆಯಲ್ಲಿ ಕರ್ತನು ಬಿಡಿಸಿದನು. ಅವತ್ತೇ ಮಾತ್ರೆ ಬಿಸಾಕಿದೆ. ಆಸ ಅರಸನ ಕಥೆ ಓದಿ, 2 ಪೂರ್ವಕಾಲವೃತ್ತಾಂತ 16:12. ಕಾಲಿಗೆ ರೋಗ ಬಂದಾಗ ಅವನು ಯೆಹೋವನನ್ನು ಬಿಟ್ಟು ವೈದ್ಯರ ಹಿಂದೆ ಹೋದ.

ಔಷಧಿ ಅಂಗಡಿ

ಬ್ರದರ್, ನಿಮ್ಮ ಸಾಕ್ಷಿಗೆ ನಾನು ಅಡ್ಡ ಬರುವುದಿಲ್ಲ. ಆದರೆ "ಅವತ್ತೇ ಬಿಸಾಕಿದೆ" ಅನ್ನುವುದನ್ನು ಓದಿ ಯಾರೂ ಹಾಗೆ ಮಾಡಬೇಡಿ. ನಾನು ಫಾರ್ಮಸಿಸ್ಟ್. ಕೌಂಟರಿನ ಈಚೆ ನಿಂತು ಇದನ್ನು ಬೇಕಾದಷ್ಟು ನೋಡಿದ್ದೇನೆ.

ಇಂಥ ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಜಾಸ್ತಿ ಆದ ಹಾಗೂ ಅನಿಸುತ್ತದೆ. ಇದು ನನಗೆ ಆಗಿಬರಲ್ಲ ಅಂತ ಬಿಡುವವರು ಆಗಲೇ ಬಿಡುತ್ತಾರೆ. ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ. ನಿಲ್ಲಿಸುವುದಿದ್ದರೆ ಡಾಕ್ಟರಿಗೆ ಹೇಳಿ ನಿಧಾನಕ್ಕೆ ಇಳಿಸಬೇಕು. ತಕ್ಷಣ ಶಮನ ಕೊಡುವ ಇನ್ನೊಂದು ಬಗೆಯ ಮಾತ್ರೆ ಇದೆ. ಅದು ಬಹಳ ದಿನ ತಗೊಂಡರೆ ಚಟವಾಗುತ್ತದೆ. ಪಕ್ಕದ ಮನೆಯವರು ಕೊಟ್ಟರು ಅಂತ ಅದನ್ನು ನುಂಗಬೇಡಿ.

ರಾತ್ರಿಪಾಳಿ ಅಕ್ಕ, ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಅದು ಜಾಸ್ತಿ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಪಾಳಿಯಲ್ಲಿ ಎಷ್ಟು ಕಾಫಿ ಕುಡೀತೀರಿ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ನಡುರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹಳೇ ಕ್ವಾಯರ್

ತಂಗಿ, ನಿನ್ನ ಪ್ರಶ್ನೆ ಒಳ್ಳೆಯದು. ಸ್ವಲ್ಪ ಉದ್ದ ಬರೆಯುತ್ತೇನೆ. ರಿಟೈರ್ ಆದವನಿಗೆ ಬೇರೆ ಏನು ಕೆಲಸ?

ಆ ವಚನವನ್ನು ನಾವೆಲ್ಲ ಕ್ಯಾಲೆಂಡರಲ್ಲಿ ಓದಿದವರು. ಕ್ಯಾಲೆಂಡರಲ್ಲಿ ಅದರ ಹಿಂದೆ ಹೂವಿನ ಚಿತ್ರ ಇರುತ್ತದೆ. ಬರೆದವನ ಹಿಂದೆ ಇದ್ದದ್ದು ಸೆರೆಮನೆ. ಬಿಡುಗಡೆಯೋ ಮರಣವೋ ಅವನಿಗೇ ಗೊತ್ತಿರಲಿಲ್ಲ, ಮೊದಲನೇ ಅಧ್ಯಾಯದಲ್ಲೇ ಹಾಗೆ ಬರೆಯುತ್ತಾನೆ. ಓದುವವರ ಊರು ಫಿಲಿಪ್ಪಿ. ಅದೇ ಊರಲ್ಲಿ ಅವನಿಗೆ ಹಿಂದೆ ಛಡಿಯೇಟು ಬಿದ್ದಿತ್ತು, ಕಾಲಿಗೆ ಕೋಳ ಹಾಕಿದ್ದರು. ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಅಂಥವನು ಅಂಥವರಿಗೆ ಬರೆದ ಮಾತು ಇದು. ಏನೂ ತೊಂದರೆ ಇಲ್ಲದವನು ತೊಂದರೆಯಲ್ಲಿದ್ದವರನ್ನು ಗದರಿಸಿದ್ದಲ್ಲ.

ಅದೇ ಪತ್ರದ ಎರಡನೇ ಅಧ್ಯಾಯ ತೆಗೆ. ಎಪಫ್ರೊದೀತ ಅಂತ ಒಬ್ಬ. ಫಿಲಿಪ್ಪಿಯವರು ಪೌಲನ ಉಪಚಾರಕ್ಕೆ ಕಳಿಸಿದವನು. ಅವನಿಗೆ ಕಾಯಿಲೆ ಬಂದು ಸಾಯುವ ಹಾಗಾಗಿತ್ತು. ದೇವರು ಅವನನ್ನು ಉಳಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅನ್ನುತ್ತಾನೆ ಪೌಲ. ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ದುಃಖವೂ ಕಡಿಮೆಯಾದೀತು ಅನ್ನುತ್ತಾನೆ. ನೋಡು, ಕಡಿಮೆಯಾದೀತು ಅಂದ. ಹೋಗಿಬಿಡುತ್ತದೆ ಅನ್ನಲಿಲ್ಲ. ಚಿಂತೆ ಬೇಡ ಅಂತ ನಾಲ್ಕನೇ ಅಧ್ಯಾಯದಲ್ಲಿ ಬರೆದ ಕೈಯೇ ಇದನ್ನೂ ಬರೆದಿದೆ.

2 ಕೊರಿಂಥ 11ರಲ್ಲಿ ತಾನು ಪಟ್ಟ ಪಾಡನ್ನೆಲ್ಲ ಪಟ್ಟಿ ಮಾಡುತ್ತಾನೆ. ಏಟು, ಹಡಗು ಒಡೆದದ್ದು, ಹಸಿವೆ, ಚಳಿ. ಕೊನೆಗೆ, ಇದೆಲ್ಲದರ ಮೇಲೆ ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲಿದೆ ಅನ್ನುತ್ತಾನೆ. ಅದನ್ನು ಪಾಪ ಅಂತ ಅರಿಕೆ ಮಾಡುತ್ತಿಲ್ಲ. ಪ್ರೀತಿಸುವವನಿಗೆ ಬರುವ ಭಾರ ಅಂತ ಹೇಳುತ್ತಿದ್ದಾನೆ. 7:5ರಲ್ಲಿ ಮಕೆದೋನ್ಯಕ್ಕೆ ಬಂದಾಗ ಹೊರಗೆ ಜಗಳ, ಒಳಗೆ ಭಯ ಇತ್ತು ಅಂತ ಒಪ್ಪಿಕೊಳ್ಳುತ್ತಾನೆ. ಆಗ ದೇವರು ಏನು ಮಾಡಿದ? ಮುಂದಿನ ವಚನ ಓದು. ತೀತನನ್ನು ಕಳಿಸಿ ಸಮಾಧಾನ ಮಾಡಿದ. ಒಬ್ಬ ಮನುಷ್ಯ ದಾರಿ ನಡೆದು ಬಂದ, ಅಷ್ಟೇ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. 4:6ರಿಂದ ಹತ್ತಾರು ವಚನ ಕೆಳಗಿಳಿದರೆ ಪೌಲ ದುಡ್ಡಿನ ಮಾತಿಗೆ ಬರುತ್ತಾನೆ. ನೀವು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದು ಮುಟ್ಟಿತು, ನನ್ನ ಕಷ್ಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಅಂದರೆ ಚಿಂತೆ ಬೇಡ ಅನ್ನುವ ಪತ್ರ ಒಂದು ರೀತಿಯಲ್ಲಿ ಸಹಾಯ ಮುಟ್ಟಿದ್ದಕ್ಕೆ ಬರೆದ ರಸೀದಿ. ಆ ಸಭೆಯವರು ಪೌಲನಿಗೆ ವಚನ ಮಾತ್ರ ಕಳಿಸಿ ಸುಮ್ಮನಾಗಲಿಲ್ಲ. ನಿನ್ನ ಕೂಟದವರು ಪ್ರಾರ್ಥನೆ ಮಾಡಿದರು, ಸರಿ. ಅಪ್ಪನ ಜೊತೆ ಡಯಾಲಿಸಿಸ್‌ಗೆ ಒಂದು ದಿನ ನಾನು ಹೋಗುತ್ತೇನೆ ಅಂತ ಯಾರಾದರೂ ಹೇಳಿದರಾ? ಇಲ್ಲದಿದ್ದರೆ ಆ ಪತ್ರವನ್ನು ಅವರು ಅರ್ಧವೇ ಓದಿದ್ದಾರೆ.

ಕೋಲಾರದ ಬ್ರದರ್, ಆಸನ ಬಗ್ಗೆ. ಅದೇ ಅಧ್ಯಾಯವನ್ನು ಮೊದಲಿಂದ ಓದಿ. ಅವನು ದೇವರನ್ನು ಬಿಟ್ಟು ಅರಾಮ್ಯರ ಅರಸನನ್ನು ನೆಚ್ಚಿಕೊಂಡ. ತಪ್ಪು ತೋರಿಸಿದ ದರ್ಶಿಯನ್ನು ಸೆರೆಗೆ ಹಾಕಿಸಿದ. ಕಾಯಿಲೆಯಲ್ಲೂ ಅದೇ ಹಟ. ತಪ್ಪು ವೈದ್ಯರ ಹತ್ತಿರ ಹೋದದ್ದಲ್ಲ, ದೇವರ ಕಡೆ ತಿರುಗದೇ ಇದ್ದದ್ದು. ಹಿಜ್ಕೀಯ ಅರಸನಿಗೆ ಸಾಯುವ ಕಾಯಿಲೆ ಬಂದಾಗ ಅತ್ತು ಪ್ರಾರ್ಥಿಸಿದ, ಇನ್ನೂ 15 ವರ್ಷ ಆಯುಸ್ಸು ಸಿಕ್ಕಿತು. ಆಮೇಲೆ ಪ್ರವಾದಿ ಯೆಶಾಯ ಅವನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಪ್ರಾರ್ಥನೆಗೆ ಉತ್ತರ ಬಂದಾಗಿತ್ತು, ಆದರೂ ಪಟ್ಟು ಹಾಕಿದರು. ಹೊಟ್ಟೆನೋವಿನ ತಿಮೊಥೆಯನಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಅಂದವನೂ ಪೌಲನೇ. ಅವನ ಜೊತೆ ಓಡಾಡಿದ ಲೂಕ ವೈದ್ಯ.

ಗುರುವಾರದ ನೊವೆನಾ

ಅಂಕಲ್, ರಸೀದಿ ಅಂದದ್ದು ಬಹಳ ಹಿಡಿಸಿತು. ನಾವು ಕಥೋಲಿಕರು. ಮನೆಯಲ್ಲಿ ಏನೇ ಆದರೂ ಅಮ್ಮ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ನೊವೆನಾ (ಒಂಬತ್ತು ಸಲ ಮಾಡುವ ಪ್ರಾರ್ಥನೆ) ಹೇಳಿಕೊಳ್ಳುತ್ತಾರೆ. ಅತ್ತೂರಿನ ಸಂತ ಲಾರೆನ್ಸರಿಗೆ ಮೇಣದಬತ್ತಿ ಹರಕೆ ಬೇರೆ. ಅಮ್ಮನಿಗೆ ಅದರಿಂದ ಧೈರ್ಯ ಬರುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ನನಗೆ ಉಲ್ಟಾ. ಒಂದು ವಾರ ತಪ್ಪಿದರೆ ಏನಾದರೂ ಕೆಟ್ಟದಾಗುತ್ತದೆ ಅನ್ನುವ ಹೆದರಿಕೆ ಶುರುವಾಗುತ್ತದೆ. ಜಪಮಾಲೆ ಎಣಿಸುವಾಗ ಗಮನ ತಪ್ಪಿದರೆ ಮತ್ತೆ ಮೊದಲಿಂದ ಶುರು. ಇದು ಭಕ್ತಿಯಾ, ಚಿಂತೆಯಾ?

ಹಳೇ ಕ್ವಾಯರ್

ನೊವೆನಾ ಬಗ್ಗೆ ನಿಮ್ಮ ಫಾದರನ್ನೇ ಕೇಳಬೇಕಮ್ಮ, ನಾನು ಪ್ರಾಟೆಸ್ಟೆಂಟ್ ಮುದುಕ. ಆದರೆ ತಪ್ಪಿದರೆ ದೇವರು ಹೊಡೆಯುತ್ತಾನೆ ಅನ್ನುವ ಭಯವನ್ನು ಅವರ ಮುಂದೆ ಬಾಯಿಬಿಟ್ಟು ಹೇಳು. ಮತ್ತಾಯ 6ರಲ್ಲಿ ಹಕ್ಕಿಗಳ ಮಾತು ಬರುವ ಮುಂಚೆಯೇ ಯೇಸು ಹೇಳಿದ್ದು ಇದು: ಬಹಳ ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ, ನೀವು ಕೇಳುವ ಮೊದಲೇ ತಂದೆಗೆ ಗೊತ್ತು.

ಔಷಧಿ ಅಂಗಡಿ

ಮತ್ತೆ ಮತ್ತೆ ಮೊದಲಿಂದ ಶುರು ಮಾಡಬೇಕು ಅನಿಸುವುದು, ಬಿಟ್ಟರೆ ಕೇಡಾಗುತ್ತದೆ ಅನ್ನುವ ಭಯ, ಇದಕ್ಕೂ ಚಿಕಿತ್ಸೆ ಇದೆ. ಒಸಿಡಿ ಅಂತ ಹೇಳುತ್ತಾರೆ. ನಿಮಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಫಾದರ್ ಜೊತೆಗೆ ಒಬ್ಬ ಕೌನ್ಸೆಲರನ್ನೂ ಒಂದು ಸಲ ಕಾಣಿ.

ಬಳ್ಳಾರಿ ಬಿಸಿಲು

ನಂಬಿಕೆ ಗಟ್ಟಿಯಿದ್ದವರಿಗೆ ಇದೆಲ್ಲ ಬರಲ್ಲ ಅನ್ನುವವರಿಗೆ ನಾನು ಇಂಗ್ಲೆಂಡಿನ ಹೆಸರಾಂತ ಪ್ರಸಂಗಿ ಸ್ಪರ್ಜನ್ ಕಥೆ ಹೇಳುತ್ತೇನೆ. ಕೋಲಾರದ ಬ್ರದರ್ ಮನೆಯಲ್ಲೂ ಅವರ ಪ್ರಸಂಗದ ಪುಸ್ತಕ ಇದ್ದೇ ಇರುತ್ತದೆ, ಪಂದ್ಯ ಕಟ್ಟಲಾ?

1856ರ ಅಕ್ಟೋಬರ್ 19, ಭಾನುವಾರ ಸಂಜೆ. ಲಂಡನ್ನಿನ ಸರ್ರೆ ಗಾರ್ಡನ್ಸ್ ಮ್ಯೂಸಿಕ್ ಹಾಲ್. ಸ್ಪರ್ಜನ್ನರಿಗೆ 22 ವರ್ಷ. ಮದುವೆಯಾದ ವರ್ಷವೇ ಅದು. ಅವಳಿ ಗಂಡುಮಕ್ಕಳು ಹುಟ್ಟಿ ಒಂದು ತಿಂಗಳು. ಸಾವಿರಾರು ಜನ ಕಿಕ್ಕಿರಿದಿದ್ದರು. ಯಾರೋ "ಬೆಂಕಿ" ಅಂತ ಕೂಗಿದರು. ಬೆಂಕಿ ಎಲ್ಲೂ ಇರಲಿಲ್ಲ. ನೂಕುನುಗ್ಗಲಲ್ಲಿ 7 ಜನ ಸತ್ತರು. ಸ್ಪರ್ಜನ್ ಕುಸಿದುಹೋದರು. ಕೆಲವು ದಿನ ಬೈಬಲ್ ಕಂಡರೂ ಅಳು ಬರುತ್ತಿತ್ತಂತೆ. ಕೆಲವೇ ವಾರದಲ್ಲಿ ಮತ್ತೆ ಪ್ರಸಂಗಪೀಠ ಹತ್ತಿದರು. ಆದರೆ ಆ ಭಯ, ಆ ಮಂಕು ಜೀವನಪೂರ್ತಿ ಬಂದು ಹೋಗುತ್ತಲೇ ಇತ್ತು. ಅದನ್ನು ಮುಚ್ಚಿಡಲೂ ಇಲ್ಲ. ತಮ್ಮ ಕಾಲೇಜಿನಲ್ಲಿ ಬೋಧಕರಾಗಲು ಓದುತ್ತಿದ್ದವರಿಗೆ ಇದರ ಮೇಲೇ ಒಂದು ಪಾಠ ಮಾಡಿದರು. ಕೂತೇ ಇರುವುದು, ಗಾಳಿ ಬೆಳಕಿಲ್ಲದ ಕೋಣೆ, ಬಿಡುವಿಲ್ಲದ ದುಡಿಮೆ ಇವೆಲ್ಲ ಮನಸ್ಸನ್ನು ಕುಗ್ಗಿಸುತ್ತವೆ ಅಂತ ಬಿಡಿಸಿ ಹೇಳಿದರು. ಚಳಿಗಾಲದಲ್ಲಿ ಫ್ರಾನ್ಸಿನ ಮೆಂಟನ್‌ಗೆ ವಿಶ್ರಾಂತಿಗೆ ಹೋಗುತ್ತಿದ್ದರು, 1892ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಇವರ ನಂಬಿಕೆ ಕಮ್ಮಿ ಅನ್ನುವ ಧೈರ್ಯ ಯಾರಿಗಿದೆ?

ಕೋಲಾರದ ಬ್ರದರ್

ಪುಸ್ತಕ ಇದೆ, ಒಪ್ಪಿದೆ. 😊

ಆದರೂ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ಅಂಗಡಿಯವರ ಮಾತಿಗೆ ಬೆಲೆ ಕೊಡುತ್ತೇನೆ, ಯಾರೂ ಒಮ್ಮೆಲೇ ನಿಲ್ಲಿಸುವುದು ಬೇಡ. ನನ್ನ ಭಯ ಬೇರೆ. ಮಾತ್ರೆಯಿಂದ ನಿದ್ದೆ ಬಂತು ಅಂದರೆ ಆಮೇಲೆ ಮೊಣಕಾಲೂರುವವರು ಕಮ್ಮಿ. ನಮ್ಮ ಸಭೆಯಲ್ಲೇ ನೋಡಿದ್ದೇನೆ. ಕಷ್ಟ ಇದ್ದಾಗ ಬೆಳಗಿನ ಜಾವದ ಪ್ರಾರ್ಥನೆಗೆ ಬಂದವರು, ಸರಿಹೋದ ಮೇಲೆ ಭಾನುವಾರವೂ ಇಲ್ಲ.

ಬಳ್ಳಾರಿ ಬಿಸಿಲು

ಅದು ನಿಜ. ಆದರೆ ಕೆಲಸ ಸಿಕ್ಕವರೂ ಹಾಗೇ, ಮಗು ಹುಟ್ಟಿದವರೂ ಹಾಗೇ. ಅದಕ್ಕೆ ಕೆಲಸ ಕೊಡಬೇಡ ದೇವರೇ ಅಂತ ಪ್ರಾರ್ಥಿಸುತ್ತೀವಾ?

ಇನ್ನೊಂದು ಮಾತು. ನಮ್ಮ ನಾಡಲ್ಲಿ ಈ ನಂಬಿಕೆ ತಂದವರೇ ಆಸ್ಪತ್ರೆಗಳನ್ನೂ ಕಟ್ಟಿದರಲ್ವಾ. ಮಂಗಳೂರು ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ಶುರು ಮಾಡಿದರು. ಮೈಸೂರಿನ ಮಿಷನ್ ಆಸ್ಪತ್ರೆ 1906ರದು. ರಾತ್ರಿಪಾಳಿ ಅಕ್ಕನ ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ಶುರು ಮಾಡಿದರು. ವೆಲ್ಲೂರಿನ ಸಿಎಂಸಿಯಲ್ಲಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಮನೋರೋಗಕ್ಕೇ ಬಾಗಾಯಂನಲ್ಲಿ ಬೇರೆ ಕೇಂದ್ರ ಇದೆ. ಅಲ್ಲಿ ರೋಗಿಯ ಜೊತೆ ಮನೆಯವರೂ ಇದ್ದು ನೋಡಿಕೊಳ್ಳುವ ಪದ್ಧತಿ. ಇವರೆಲ್ಲ ಬೆಳಗ್ಗೆ ಪ್ರಾರ್ಥನೆ ಮಾಡಿಯೇ ವಾರ್ಡಿಗೆ ಇಳಿದವರು.

ಉತ್ತರ ಬರಲಿಲ್ಲ

ನಾನು ಇಲ್ಲಿ ಬರೆಯುವುದು ಕಮ್ಮಿ. ಕೋವಿಡ್ ಎರಡನೇ ಅಲೆಯಲ್ಲಿ ಅಪ್ಪನಿಗಾಗಿ ಇಡೀ ಸಭೆ ಸರಪಳಿ ಪ್ರಾರ್ಥನೆ ಮಾಡಿತು. ಗಂಟೆಗೊಬ್ಬರಂತೆ ಹೆಸರು ಬರೆದುಕೊಂಡಿದ್ದರು. ಅಪ್ಪ ಉಳಿಯಲಿಲ್ಲ. ದೇವರನ್ನು ನಂಬು, ಎಲ್ಲ ಒಳ್ಳೆಯದಾಗುತ್ತದೆ ಅಂತ ಯಾರಾದರೂ ಹೇಳಿದರೆ ಈಗ ನನಗೆ ಎದ್ದು ಹೋಗಬೇಕು ಅನಿಸುತ್ತದೆ. ಏನಂತ ನಂಬಲಿ? ಮುಂದಿನ ಸಲ ಆಗಲ್ಲ ಅಂತಲಾ?

ಹಳೇ ಕ್ವಾಯರ್

ಮಗನೇ, ಆಗಲ್ಲ ಅಂತ ನಾನು ಹೇಳಲಾರೆ. ಹಾಗೆ ಹೇಳಿದವರು ನಿನಗೆ ಒಳ್ಳೆಯದು ಮಾಡಲಿಲ್ಲ.

ಲೂಕ 22 ಓದು. ಗೆತ್ಸೇಮನೆ, ಯೇಸು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ. ಈ ಪಾತ್ರೆ, ಅಂದರೆ ಮುಂದಿರುವ ಈ ಸಂಕಟ, ತೆಗೆದುಬಿಡು ಅಂತ ಮಗ ತಂದೆಯನ್ನು ಕೇಳುತ್ತಾನೆ. ಒಬ್ಬ ದೇವದೂತ ಬಂದು ಅವನನ್ನು ಬಲಪಡಿಸುತ್ತಾನೆ. ಸಾಮಾನ್ಯವಾಗಿ ಪ್ರಸಂಗ ಅಲ್ಲಿಗೇ ಮುಗಿಯುತ್ತದೆ. ಆದರೆ ಲೂಕ ಮುಂದಿನ ವಚನದಲ್ಲಿ, ಆತನು ಮನೋವ್ಯಥೆಯಲ್ಲಿ ಇನ್ನೂ ಆಸಕ್ತಿಯಿಂದ ಪ್ರಾರ್ಥಿಸಿದನು, ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು ಅಂತ ಬರೆದಿದ್ದಾನೆ. ದೂತ ಬಂದ ಮೇಲೂ ಬೆವರು ನಿಲ್ಲಲಿಲ್ಲ. ಪಾತ್ರೆಯೂ ಹೋಗಲಿಲ್ಲ. ಜೊತೆಗಿರಿ ಅಂತ ಕರೆದುಕೊಂಡು ಹೋದವರು ನಿದ್ದೆ ಮಾಡುತ್ತಿದ್ದರು. ಯೇಸುವಿಗೇ ಹೀಗಾಯಿತು ಅಂದಮೇಲೆ, ನಿನ್ನ ಪ್ರಾರ್ಥನೆಗೆ ಬೇಕಾದ ಉತ್ತರ ಬರದಿದ್ದದ್ದು ನಿನ್ನ ನಂಬಿಕೆ ಸಾಲದ್ದಕ್ಕೆ ಅಂತ ಯಾರೂ ಹೇಳುವ ಹಾಗಿಲ್ಲ.

ನಾನು ನಂಬುವುದು ಇಷ್ಟು. ಏನೇ ಆದರೂ ಆತನು ಬಿಟ್ಟು ಹೋಗುವುದಿಲ್ಲ. ಏನೂ ಆಗುವುದಿಲ್ಲ ಅಂತ ಆತನು ನನಗೆ ಮಾತು ಕೊಟ್ಟಿಲ್ಲ. ನಿನಗೆ ಪ್ರಾರ್ಥನೆಯೇ ಬರದಿದ್ದರೆ ಕೀರ್ತನೆ 88 ಓದು. ಬೇರೆ ಗೋಳಿನ ಕೀರ್ತನೆಗಳು ಎಲ್ಲೋ ಒಂದು ಕಡೆ ತಿರುಗಿ ಸ್ತೋತ್ರಕ್ಕೆ ಬರುತ್ತವೆ. ಇದು ತಿರುಗುವುದೇ ಇಲ್ಲ. ಕತ್ತಲಲ್ಲೇ ನಿಲ್ಲುತ್ತದೆ. ಅಂಥದ್ದನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಸಿಟ್ಟಿದ್ದರೆ ಸಿಟ್ಟಲ್ಲೇ ಮಾತಾಡು.

ಉತ್ತರ ಬರಲಿಲ್ಲ

88 ಓದಿದೆ. ಇದು ಬೈಬಲಲ್ಲಿ ಇದೆ ಅಂತ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ಅಂಕಲ್. ಸದ್ಯಕ್ಕೆ ಇಷ್ಟೇ.

ರಾತ್ರಿಪಾಳಿ

ಎಲ್ಲರ ಉತ್ತರ ಓದಿದೆ. ಥೈರಾಯ್ಡ್ ಪರೀಕ್ಷೆ ನಾಡಿದ್ದು. ಕಾಫಿ ಲೆಕ್ಕ ಇಲ್ಲಿ ಹೇಳಲ್ಲ, ನಾಚಿಕೆ ಆಗುತ್ತೆ.

ಇನ್ನೊಂದು ಕೇಳಬೇಕು. 1 ಪೇತ್ರ 5:7, ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ. ನಾನು ರಾತ್ರಿ ಹಾಕುತ್ತೇನೆ. ನಿಜವಾಗಿ ಹಗುರ ಆಗುತ್ತದೆ. ಬೆಳಗ್ಗೆ ಆಸ್ಪತ್ರೆ ಬಿಲ್ ನೋಡಿದ ತಕ್ಷಣ ಮತ್ತೆ ನನ್ನ ತಲೆ ಮೇಲೇ ಇರುತ್ತದೆ. ಹಾಗಾದರೆ ನಾನು ಹಾಕಿಯೇ ಇಲ್ಲವಾ?

ಬಳ್ಳಾರಿ ಬಿಸಿಲು

ಹಳೇ ರಸ್ತೆ ಪಕ್ಕದಲ್ಲಿ ಹೊರೆ ಇಳಿಸುವ ಕಲ್ಲು ನೋಡಿದ್ದೀರಾ ಅಕ್ಕ? ಎರಡು ಉದ್ದ ಕಲ್ಲು ನೆಟ್ಟು ಮೇಲೊಂದು ಅಡ್ಡ ಹಾಸಿರುತ್ತಾರೆ. ತಲೆ ಮೇಲೆ ಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಅಲ್ಲಿ ಇಳಿಸಿ ಸುಧಾರಿಸಿಕೊಳ್ಳಬಹುದು. ಒಂದೇ ಕಲ್ಲಿಟ್ಟು ಸುಮ್ಮನಾಗುತ್ತಿರಲಿಲ್ಲ. ಮುಂದೆ ಮತ್ತೊಂದು ಇರುತ್ತಿತ್ತು. ಅಪ್ಪನ ಕಾಯಿಲೆ ನಿಮ್ಮ ಹೊರೆ, ಅದನ್ನು ಬಿಟ್ಟು ಓಡಿಹೋಗಿ ಅಂತ ಪೇತ್ರ ಹೇಳಲಿಲ್ಲ. ಬೆಳಗ್ಗೆ ಮತ್ತೆ ಹೊತ್ತರೆ ಮಧ್ಯಾಹ್ನ ಮತ್ತೆ ಇಳಿಸಿ.

ಔಷಧಿ ಅಂಗಡಿ

ಅಟ್ಯಾಕ್ ಬಂದಾಗ ಉದ್ದದ ಪ್ರಾರ್ಥನೆಗೆ ಹೋಗಬೇಡಿ, ಆಗುವುದಿಲ್ಲ. ಹೆಚ್ಚಿನವರಿಗೆ ಸುಮಾರು 10 ನಿಮಿಷದಲ್ಲಿ ಅದು ತುದಿಗೆ ಹೋಗಿ ಇಳಿಯಲು ಶುರುವಾಗುತ್ತದೆ. ಇದು ಇಳಿಯುತ್ತದೆ ಅಂತ ಗೊತ್ತಿರುವುದೇ ಅರ್ಧ ಧೈರ್ಯ. ಎದ್ದು ಕುಳಿತು ಪಾದ ನೆಲಕ್ಕೆ ಊರಿ. ಉಸಿರು ಒಳಗೆ ಎಳೆಯುವುದಕ್ಕಿಂತ ಬಿಡುವುದು ನಿಧಾನ ಇರಲಿ. ನಮ್ಮ ಮನೆಯವರು ಎಳೆಯುವಾಗ "ಯೇಸುವೇ" ಅಂತ, ಬಿಡುವಾಗ "ಕರುಣಿಸು" ಅಂತ ಮನಸ್ಸಲ್ಲೇ ಹೇಳುತ್ತಾರೆ. ಪೂರ್ವದೇಶದ ಸಭೆಗಳಲ್ಲಿ ಇಂಥ ಚಿಕ್ಕ ಪ್ರಾರ್ಥನೆಯನ್ನು ನೂರಾರು ವರ್ಷದಿಂದ ಹೇಳುತ್ತಾ ಬಂದಿದ್ದಾರೆ, ನಮ್ಮ ಸಂಶೋಧನೆ ಏನಲ್ಲ.

ಮತ್ತೆ, ಪ್ರವಾದಿ ಎಲೀಯನನ್ನು ಯಾರೂ ನೆನಪಿಸಲಿಲ್ಲ ಇಲ್ಲಿ! 1 ಅರಸು 19. ಸಾಕಪ್ಪ, ನನ್ನ ಪ್ರಾಣ ತೆಗೆದುಬಿಡು ಅಂತ ಗಿಡದ ಕೆಳಗೆ ಮಲಗಿದ. ದೂತ ಬಂದು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಅದೇ. ದೇವರು ಮಾತಾಡಿದ್ದು ಎಷ್ಟೋ ದಿನ ಆದಮೇಲೆ, ಹೋರೇಬ್ ಬೆಟ್ಟದಲ್ಲಿ. ರಾತ್ರಿ ಪಾಳಿಯವರು ಊಟ ಬಿಡಬೇಡಿ ಅಂತ ಡಾಕ್ಟರ್ ಹೇಳಿದರೆ ಅದನ್ನು ಲೌಕಿಕ ಅಂದುಕೊಳ್ಳಬೇಡಿ.

ಕೋಲಾರದ ಬ್ರದರ್

ರಾತ್ರಿಪಾಳಿ ಸಹೋದರಿ, ಅಪ್ಪನ ಡಯಾಲಿಸಿಸ್ ಬೆಂಗಳೂರಲ್ಲಿ ಯಾವ ಕಡೆ? ನಾನು ವಾರಕ್ಕೊಮ್ಮೆ ಲೋಡ್ ತಗೊಂಡು ಕೆ.ಆರ್. ಪುರಂಗೆ ಬರುತ್ತೇನೆ. ಮಧ್ಯಾಹ್ನದ ಮೇಲೆ ಗಾಡಿ ಖಾಲಿ. ಅಪ್ಪನನ್ನು ಮನೆಗೆ ಬಿಡುವುದಕ್ಕೆ ಆಗುತ್ತದಾ ನೋಡಿ. ಮೆಸೇಜ್ ಹಾಕಿದ್ದೇನೆ. ಪ್ರಾರ್ಥನೆಯಂತೂ ಮಾಡುತ್ತಲೇ ಇದ್ದೇನೆ.

ರಾತ್ರಿಪಾಳಿ

ಬ್ರದರ್, ಮೆಸೇಜ್ ನೋಡಿದೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಗಂಡನ ಹತ್ತಿರ ಮಾತಾಡಿ ಫೋನ್ ಮಾಡುತ್ತೇನೆ.

ಯೂತ್ ಸೆಕ್ರೆಟರಿ

ಪೂರ್ತಿ ಓದಿದೆ. ನಮ್ಮ ಯುವಜನ ಸಂಘದಲ್ಲಿ ಮುಂದಿನ ತಿಂಗಳು ಇದೇ ವಿಷಯದ ಮೇಲೆ ಒಂದು ಸಂಜೆ ಇಡೋಣ ಅಂತ ಇದ್ದೇವೆ. ಪಿಯುಸಿ, ನೀಟ್ ಹುಡುಗರೇ ಜಾಸ್ತಿ. ಏನು ಮಾಡಬೇಕು, ಏನು ಬೇಡ, ಹೇಳ್ತೀರಾ?

ಹಳೇ ಕ್ವಾಯರ್

ಪ್ರಸಂಗ ಚಿಕ್ಕದಿರಲಿ. ಒಬ್ಬ ಮನೋವೈದ್ಯರನ್ನೋ ಕೌನ್ಸೆಲರನ್ನೋ ಕರೆಸಿ, ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆಸಿ. ಎಲ್ಲರ ಮುಂದೆ ಕೈ ಎತ್ತಿಸಿ, ಯಾರಿಗೆ ಚಿಂತೆ ಇದೆ ಮುಂದೆ ಬನ್ನಿ ಅನ್ನಬೇಡಿ. ನೀಟ್ ಹುಡುಗರಿದ್ದರೆ ಅಪ್ಪ ಅಮ್ಮಂದಿರಿಗೆ ಬೇರೆ ಒಂದು ಸಂಜೆ ಇಡಿ, ಅವರಿಗೆ ಅದು ಮಕ್ಕಳಿಗಿಂತ ಜಾಸ್ತಿ ಬೇಕು. ಸಾಯಬೇಕು ಅನಿಸುತ್ತಿದೆ ಅಂತ ಚೀಟಿಯಲ್ಲಿ ಬಂದರೆ ಏನು ಮಾಡುವುದು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಬಂದೇ ಬರುತ್ತದೆ. ಔಷಧಿ ಅಂಗಡಿಯವರು ಕೊಟ್ಟ ನಂಬರನ್ನು ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿಡಿ.

ಸಾಕ್ಷಿ ಹೇಳಿಸುವುದಾದರೆ ವಾಸಿಯಾದವರನ್ನು ಮಾತ್ರ ಕರೆಯಬೇಡಿ. ಇನ್ನೂ ಮಾತ್ರೆ ತಗೊಳ್ಳುತ್ತಾ, ಇನ್ನೂ ಸಭೆಗೆ ಬರುತ್ತಾ ಇರುವ ಒಬ್ಬರಾದರೂ ಮಾತಾಡಲಿ. ಆಮೇಲೆ ಊಟ ಇಡಿ. ಬಿರಿಯಾನಿ ಆದರೆ ಹುಡುಗರು ನಿಲ್ಲುತ್ತಾರೆ, ನಿಜವಾದ ಮಾತುಕತೆ ಶುರುವಾಗುವುದು ಪ್ಲೇಟ್ ಹಿಡಿದ ಮೇಲೆಯೇ.